ಎಲ್ಲ ಬಾಟಲಿಗೂ ಒಂದೇ ಬಿರಡೆ

ಹಡಗಲಿ
೪ ಜುಲೈ ೨೦೦೦

ಪ್ರೀತಿಯ ಅರುಣ್ ಅವರಿಗೆ,

ಇಂಗ್ಲಿಷಿನಲ್ಲಾಗಿದ್ದರೆ ಮೊದಲ ಸಾಲಿನಲ್ಲೇ ಹತ್ತು ಮುದ್ದು ಮಾತು ಬರೆದು ಮುಗಿಸಿಬಿಡುತ್ತಿದ್ದೆ. ಕನ್ನಡದಲ್ಲಿ ‘ಪ್ರೀತಿಯ’ ಎಂದು ಬರೆಯುವಷ್ಟರಲ್ಲೇ ಕಿವಿ ಬಿಸಿಯಾಯಿತು. ಇರಲಿ, ಬರೆದಾಯಿತು, ಅಳಿಸುವುದಿಲ್ಲ.

ಮೊನ್ನೆ ನನ್ನನ್ನು ಬಸ್ ಹತ್ತಿಸಿ, ಕಿಟಕಿಯ ಕೆಳಗೆ ನಿಂತು, ನನ್ನ ಮುಖ ಬಿಟ್ಟು ಬಸ್ಸಿನ ಟೈರ್ ನೋಡುತ್ತಿದ್ದಿರಲ್ಲ! ಆಗ ನನಗೆ ನಗು ಬಂತು. ಬಸ್ಸು ಕೊಟ್ಟೂರು ದಾಟಿದ ಮೇಲೆ ಅಳು ಬಂತು. ಮದುವೆಯಾದ ನಲವತ್ತೊಂದನೇ ದಿನಕ್ಕೆ ಆಷಾಢ ಬಂತೆಂದು ಹೊಸ ಸೊಸೆಯನ್ನು ತವರಿಗೆ ಕಳಿಸಬೇಕಂತೆ, ಅಳಿಯ ಒಂದು ತಿಂಗಳು ಅತ್ತೆಮನೆಯ ಹೊಸ್ತಿಲು ತುಳಿಯಬಾರದಂತೆ. ಫೋನ್ ಮಾಡೋಣವೆಂದರೆ ನಿಮ್ಮ ಗಾಣದ ಫೋನ್ ಮಾವನವರ ಮೇಜಿನ ಮೇಲಿದೆ. ಹಾಗಾಗಿ ಪತ್ರ. ನನ್ನ ಮುಖ ನೋಡಿ ಅವ್ವ, “ಎರಡ ದಿನಕ್ಕ ಹಿಂಗ್ ಸೊರಗಿದಂಗ ಮಾಡ್ತೀಯಲ್ಲ, ಇನ್ನಾ ತಿಂಗಳ ಐತಿ” ಎಂದು ಮೂರು ಸಲ ಹೇಳಿದ್ದಾಳೆ. ನಾನೇನೂ ಸೊರಗಿಲ್ಲ. ನಿನ್ನೆ ನಾಲ್ಕು ಹೋಳಿಗೆ ತಿಂದೆ.

ಈಗ ಮುಖ್ಯ ವಿಷಯ. ನಿಮಗೆ ಇದನ್ನು ಹಿಂದೆಯೇ ಹೇಳಿದ್ದೇನೆ, ಆದರೆ ನಾನು ಹೇಳುವಾಗಲೆಲ್ಲ ನೀವು ನನ್ನ ಬಳೆ ನೋಡುತ್ತಿದ್ದಿರಿ. ಆದ್ದರಿಂದ ಮತ್ತೊಮ್ಮೆ. ದಾವಣಗೆರೆಯಲ್ಲಿ ಮೂರು ವರ್ಷ ಓದಿದ ನನ್ನ ವಸ್ತುವಿನ್ಯಾಸದ ಡಿಪ್ಲೊಮಾದಲ್ಲಿ ಇನ್ನು ಉಳಿದಿರುವುದು ಕೊನೆಯ ಪ್ರಾಜೆಕ್ಟ್ ಒಂದೇ. ಜುಲೈ ಇಪ್ಪತ್ತೇಳಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ. ವಿದ್ಯಾರ್ಥಿಗಳು ಸಿಗುತ್ತಿಲ್ಲವೆಂದು ಕಾಲೇಜಿನವರು ಈ ಕೋರ್ಸನ್ನೇ ಮುಚ್ಚುತ್ತಿದ್ದಾರೆ, ನಮ್ಮದೇ ಕೊನೆಯ ತಂಡ. ಈ ಸಲ ಫೇಲಾದರೆ ಮತ್ತೆ ಪರೀಕ್ಷೆ ತೆಗೆದುಕೊಳ್ಳುವವರೇ ಇರುವುದಿಲ್ಲ. ಮೂರು ವರ್ಷ ಅಷ್ಟಕ್ಕೇ ಹೋಯಿತು.

ನಮ್ಮ ಗಂಗಾಧರ ಸರ್ ಹೇಳಿದ್ದು ಇಷ್ಟೇ: ಜನ ದಿನಾ ಬಳಸುವ ಒಂದು ಸಣ್ಣ ವಸ್ತು ಆರಿಸಿಕೊಳ್ಳಿ, ಅದರ ತೊಂದರೆ ಹುಡುಕಿ, ಅದಕ್ಕಿಂತ ಉತ್ತಮವಾದದ್ದನ್ನು ಕೈಯಲ್ಲಿ ಮಾಡಿ, ಬಳಸುವವರಿಗೇ ಕೊಟ್ಟು ನೋಡಿ. ನನ್ನ ಗೆಳತಿಯರು ಬಾಚಣಿಗೆ, ಟಿಫಿನ್ ಡಬ್ಬಿಯ ಹಿಡಿಕೆ ಎಂದೆಲ್ಲ ಆರಿಸಿಕೊಂಡರು. ನಾನು ಏನೂ ತೋಚದೆ ನಿಮ್ಮ ಮನೆಗೆ ಬಂದೆ. ಬಂದ ಮೂರನೇ ದಿನ ಗಾಣದ ಕಟ್ಟೆಯ ಮೇಲೆ ಕಂಡಿತು ನೋಡಿ! ಕೊರಳಿಗೆ ದಾರ ಕಟ್ಟಿ ಬೆರಳಿಗೆ ತೂಗುಹಾಕಿಕೊಂಡು ಬಂದ ಬಾಟಲಿಗಳು. ಔಷಧಿಯದು, ಬಿಯರಿನದು, ಶರಬತ್ತಿನದು, ಒಂದರ ಬಾಯಿಯಂತೆ ಇನ್ನೊಂದಿಲ್ಲ. ಮುಚ್ಚಳ ಮಾತ್ರ ಯಾವುದಕ್ಕೂ ಇಲ್ಲ. ಎಲ್ಲರೂ ಮೆಕ್ಕೆಜೋಳದ ತೆನೆಯ ಬೆಂಡನ್ನು ಕುಡುಗೋಲಿನಿಂದ ಕೊಯ್ದು ಜಡಿದುಕೊಂಡು ಹೋಗುತ್ತಿದ್ದರು. ಹಗರಿಬೊಮ್ಮನಹಳ್ಳಿ ಬಸ್ಸಿನ ಸೀಟಿನ ಮೇಲೆಲ್ಲ ಎಣ್ಣೆಯ ಕಲೆ ಯಾಕಿರುತ್ತದೆಂದು ಆ ದಿನ ನನಗೆ ತಿಳಿಯಿತು.

ಎಲ್ಲ ಬಾಟಲಿಗೂ ಕೂರುವ ಒಂದೇ ಬಿರಡೆ ಮಾಡಬೇಕು, ರೀ! ಅದಕ್ಕೆ ಬಾಯಿಗಳ ಒಳ ಅಳತೆ ಬೇಕು. ಎರಡು ದಿನ ಗಾಣಕ್ಕೆ ಬಂದ ಬಾಟಲಿಗಳನ್ನೆಲ್ಲ ಅಳೆದು ಕಳಿಸುತ್ತೀರಾ? ನಮ್ಮ ಓಣಿಯ ಕಂಡಕ್ಟರ್ ಪಕ್ಕೀರಪ್ಪ ದಿನಾ ಹಡಗಲಿ–ಕೊಟ್ಟೂರು ಬಸ್ಸಿನಲ್ಲಿರುತ್ತಾನೆ, ಅವನ ಕೈಗೆ ಕೊಡಿ.

ನಿಮ್ಮ, ನಿಮ್ಮದೇ,
ಪುಷ್ಪಲತಾ


ಕೊಟ್ಟೂರು
೭–೭–೨೦೦೦

ಪುಷ್ಪಾ,

ಪತ್ರ ತಲುಪಿತು. ಪಕ್ಕೀರಪ್ಪ ಅದನ್ನು ಗಿರಾಕಿಗಳ ಮುಂದೆಯೇ ಕೊಟ್ಟ. “ಲೆಟರ್ ಭಾಳ ತೂಕ ಐತ್ರೀ ಅಣ್ಣಾರ, ಲಗೇಜ್ ಟಿಕೆಟ್ ಹರಿಬೇಕಾಗಿತ್ತು” ಎಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಅಳತೆಪಟ್ಟಿ ಬಾಟಲಿಯ ಬಾಯೊಳಗೆ ಹೋಗುವುದಿಲ್ಲ. ಆದ್ದರಿಂದ ಬೆರಳು ಹಾಕಿ ನೋಡಿದೆ. ಎರಡು ದಿನದಲ್ಲಿ ಅರವತ್ತೆರಡು ಬಾಟಲಿ ಬಂದವು. ಕಿರುಬೆರಳು ಮಾತ್ರ ಹೋಗುವವು ಹತ್ತೊಂಬತ್ತು. ತೋರುಬೆರಳು ಹೋಗುವವು ಇಪ್ಪತ್ತೇಳು. ಹೆಬ್ಬೆರಳು ಹೋಗುವವು ಹದಿನಾರು. ಬೆರಳಿನ ದಪ್ಪ ನಿನಗೆ ಗೊತ್ತಾಗಲೆಂದು ಈ ಹಾಳೆಯ ಹಿಂದೆ ಕೈ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ.

ಅಪ್ಪ ನೋಡಿ, “ಲೇ, ಗಿರಾಕಿ ಬಾಟ್ಲ್ಯಾಗ ಬೆಳ್ಳ್ ಹಾಕಿ ಏನ್ ಹುಡುಕಾಕ್ಹತ್ತೀಯೋ?” ಎಂದರು. ನಿಮ್ಮ ಸೊಸೆಯ ಪರೀಕ್ಷೆಗೆ ಎಂದೆ. “ದಾವಣಗೆರಿಯಾಗ ಇದನ್ನ ಕಲಿಸ್ತಾರೇನು?” ಎಂದು ಕೇಳಿದರು. ಒಂದು ಶರಬತ್ತಿನ ಬಾಟಲಿಯಲ್ಲಿ ಹೆಬ್ಬೆರಳು ಸಿಕ್ಕಿಕೊಂಡಿತ್ತು. ಅವ್ವ ಎಣ್ಣೆ ಬಿಟ್ಟು ತೆಗೆದಳು.

ಇಲ್ಲಿ ಎಲ್ಲ ಸರಿ ಇದೆ.

ಅರುಣಕುಮಾರ್


ಹಡಗಲಿ
೧೧ ಜುಲೈ

ಪ್ರೀತಿಯ ಅರುಣ್,

ನಿಮ್ಮ ಕೈ ಬಂತು! ಹಾಳೆ ತಿರುಗಿಸಿದೆ, ಅಷ್ಟೂ ಅಗಲಕ್ಕೆ ನಿಮ್ಮ ಕೈ. ನನ್ನ ಕೈಯನ್ನು ಅದರ ಮೇಲಿಟ್ಟು ನೋಡಿದೆ. ಎರಡು ಸಲ. ಸರಿ, ಐದು ಸಲ. ಎಡಗೈಯಲ್ಲಿ ಗೆರೆ ಎಳೆದಿದ್ದೀರಿ, ಕಿರುಬೆರಳಿನ ಹತ್ತಿರ ಪೆನ್ಸಿಲ್ ನಡುಗಿದೆ, ಅಲ್ಲವೇ? ಆಮೇಲೆ ಬುದ್ಧಿ ತಂದುಕೊಂಡು ಅಳೆದೆ. ಹದಿನೈದು ಮಿಲಿಮೀಟರ್, ಹತ್ತೊಂಬತ್ತು, ಇಪ್ಪತ್ಮೂರು. ನನ್ನ ಪ್ರಾಜೆಕ್ಟಿನ ಮೂರು ಅಳತೆಗಳಿಗೆ ನಿಮ್ಮ ಬೆರಳುಗಳ ಹೆಸರನ್ನೇ ಇಟ್ಟಿದ್ದೇನೆ. ಗಂಗಾಧರ ಸರ್ ಏನಾದರೂ ಅಂದುಕೊಳ್ಳಲಿ.

ಇಲ್ಲಿ ಚೌಡಣ್ಣ ಎಂಬ ಬಡಿಗೇರರಿದ್ದಾರೆ, ತೊಟ್ಟಿಲಿನ ಗುಂಡು ಕಂಬಗಳನ್ನು ಲೇತಿನಲ್ಲಿ ಕಡೆಯುವವರು. ನನ್ನನ್ನು ಕಂಡು, “ಬಾರವ್ವ, ಇಷ್ಟ್ ಲಗೂನ ತೊಟ್ಲಕ್ಕ ಹೇಳಾಕ ಬಂದಿ?” ಎಂದರು. ಬೂಚು ಮಾಡಿಸಲು ಬಂದೆ ಎಂದರೆ, “ಬೂಚಿಗೇನು, ಬೆಂಡು ಕಡಿಮಿ ಆಗ್ಯಾವೇನು ಊರಾಗ?” ಎಂದು ಅರ್ಧ ಗಂಟೆ ನಕ್ಕರು. ಆದರೂ ಮಾಡಿಕೊಟ್ಟರು. ಗಜ್ಜರಿಯಂತೆ ಕೆಳಗೆ ಚೂಪಾದ ಬೇವಿನ ಕಟ್ಟಿಗೆ. ಅದಕ್ಕೆ ಮೂರು ಕಡೆ ಬಳೆಯಂತೆ ರಬ್ಬರ್ ಉಂಗುರ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬ್ ಸಿಕ್ಕಿತು, ಅದನ್ನೇ ಕತ್ತರಿಸಿದೆ. ಕಿರುಬೆರಳಿನ ಬಾಟಲಿಗೆ ಕೆಳಗಿನ ಉಂಗುರ ಬಿಗಿಯುತ್ತದೆ, ಹೆಬ್ಬೆರಳಿನದಕ್ಕೆ ಮೇಲಿನದು. ಎಷ್ಟು ಸರಳ ನೋಡಿ! ಇದು ಯಾರಿಗೂ ಯಾಕೆ ಹೊಳೆಯಲಿಲ್ಲ?

ಮೂರು ಬಾಟಲಿಗೆ ನೀರು ತುಂಬಿ, ಬಿರಡೆ ಹಾಕಿ, ಬಟ್ಟೆ ಒಣಗಿಸುವ ತಂತಿಗೆ ಮೂರು ದಿನ ತಲೆಕೆಳಗಾಗಿ ತೂಗುಬಿಟ್ಟೆ. ಒಂದು ಹನಿ ಇಲ್ಲ. ಓಣಿಯವರೆಲ್ಲ ಬಂದು ಇದು ಯಾವ ದೇವರ ಹರಕೆ ಎಂದು ಕೇಳಿದರು. ಎಣ್ಣೆಯಲ್ಲಿ ನೋಡಲು ಅವ್ವ ಬಿಡಲಿಲ್ಲ, “ತಿನ್ನೋ ಎಣ್ಣಿ ಆಟಕ್ಕ ಕೊಡಂಗಿಲ್ಲ” ಎಂದಳು. ನೀರು ನಿಂತರೆ ಎಣ್ಣೆ ನಿಲ್ಲದೇ? ಆದರೂ ಬಳಸುವವರ ಮಾತು ಬೇಕು. ಪಕ್ಕೀರಪ್ಪನ ಕೈಯಲ್ಲಿ ಇಪ್ಪತ್ತು ಬಿರಡೆ ಕಳಿಸಿದ್ದೇನೆ. ಗಿರಾಕಿಗಳಿಗೆ ಕೊಡಿ, ಮೂರು ದಿನ ಬಿಟ್ಟು ಮೂರೇ ಪ್ರಶ್ನೆ ಕೇಳಿ. ಸೋರಿತೇ? ತೆಗೆಯಲು ಸುಲಭವೇ? ಇನ್ನೊಂದು ಬೇಕೇ?

ನಿಮ್ಮ ವರದಿಯನ್ನು ಹಾಗೆಯೇ ಪರೀಕ್ಷಕರ ಮುಂದೆ ಇಡುತ್ತೇನೆ. ಪರೀಕ್ಷೆಯ ಅಂಕದಲ್ಲಿ ನಾಲ್ಕನೇ ಒಂದು ಭಾಗ ಅದಕ್ಕೇ ಇದೆ.

ಉತ್ತರಕ್ಕಾಗಿ ಕುಣಿಯುತ್ತಿರುವ,
ನಿಮ್ಮ ಪುಷ್ಪಾ


ಕೊಟ್ಟೂರು
೧೬–೭–೨೦೦೦

ಪುಷ್ಪಾ,

ಇಪ್ಪತ್ತೂ ಬಿರಡೆ ಹಂಚಿದೆ. ಯಾವ ಬಾಟಲಿಯೂ ಸೋರಿಲ್ಲ. ಒಂದು ಹನಿಯೂ ಇಲ್ಲ. ಎಲ್ಲರಿಗೂ ಬಹಳ ಇಷ್ಟವಾಗಿದೆ. ಇಂಥದ್ದು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ. ನಮ್ಮ ಮನೆಯ ಸೊಸೆ ಮಾಡಿದ್ದು ಎಂದು ಹೇಳುತ್ತಿದ್ದೇನೆ.

ನೀನು ಪಾಸಾಗುವುದರಲ್ಲಿ ಅನುಮಾನವಿಲ್ಲ.

ಅರುಣಕುಮಾರ್


ಹಡಗಲಿ
೧೮ ಜುಲೈ

ಪ್ರೀತಿಯ, ತುಂಬಾ ಪ್ರೀತಿಯ ಅರುಣ್,

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ, ಅವ್ವನಿಗೆ ಓದಿ ಹೇಳಿದೆ, ಚೌಡಣ್ಣನಿಗೆ ಎರಡು ಸಲ ಓದಿ ಹೇಳಿದೆ. “ನಾ ಕಡದದ್ದು ಸೋರತೈತೇನವ್ವ!” ಎಂದು ಮೀಸೆ ತಿರುವಿದರು. ಇಪ್ಪತ್ತಕ್ಕೆ ಇಪ್ಪತ್ತು! ಗಂಗಾಧರ ಸರ್‌ಗೆ ಫೋನ್ ಮಾಡಿ ಹೇಳಿದೆ. “ಇಪ್ಪತ್ತರಲ್ಲಿ ಒಂದಾದರೂ ದೂರು ಇರಬೇಕಲ್ಲಮ್ಮ?” ಎಂದರು. ಅವರಿಗೆ ನಮ್ಮ ಕೊಟ್ಟೂರಿನ ಜನರ ಒಳ್ಳೆಯತನ ಗೊತ್ತಿಲ್ಲ.

ಒಂದೇ ಒಂದು ಮಾತು. ಮೂರು ಪ್ರಶ್ನೆ ಕೇಳಿದ್ದೆ, ನೀವು ಎರಡಕ್ಕೆ ಉತ್ತರಿಸಿದ್ದೀರಿ. ತೆಗೆಯಲು ಸುಲಭವೇ ಎಂಬುದು ಉಳಿದಿದೆ. ಬರೆಯಲು ಮರೆತಿರಬೇಕು. ಯಾವ ಬೆರಳಿನ ಬಾಟಲಿಯಿಂದ ಬೇಗ ಬರುತ್ತದೆ, ಯಾವುದರಿಂದ ತಡವಾಗಿ ಎಂದು ತಿಳಿಯಲು ನನಗೆ ತುಂಬಾ ಕುತೂಹಲ. ಹೆಂಗಸರು ಒಂದೇ ಕೈಯಲ್ಲಿ ತೆಗೆಯುತ್ತಾರೆಯೇ? ಇನ್ನೊಂದು ಕೈ ಹಿಟ್ಟಿನಲ್ಲಿರುತ್ತದಲ್ಲ!

ನಿಮ್ಮ,
ಪುಷ್ಪಾ


ಕೊಟ್ಟೂರು
೨೦–೭–೨೦೦೦

ಸೊಸಿ ಪುಷ್ಪಾಗ ನಿಮ್ಮತ್ತಿ ನಾಗಲಿಂಗಮ್ಮ ಹರಸಿ ಬರದದ್ದು.

ನಾ ನಾಕನೇತ್ತ ಓದಿದಾಕಿ. ಮಾತಾಡಿದಂಗ ಬರೀತೀನಿ, ತಪ್ಪಿದ್ರ ನಗಬ್ಯಾಡ. ಈ ಕಾಗದ ನಿನ್ನ ಗಂಡಗ ಗೊತ್ತಿಲ್ಲ.

ನಿನ್ನ ಬೂಚು ಸೋರಿಲ್ಲವ್ವ, ಅದು ಖರೆ. ಆದ್ರ ಒಂದರ ಹೊರಗ ಬಂದಿಲ್ಲ. ಎಣ್ಣಿ ತಾಗಿದ ರಬ್ಬರ್ ಎರಡ ದಿನಕ್ಕ ಉಬ್ಬಿ ಬಾಟ್ಲಿ ಕೊಳ್ಳಾಗ ಕುಂತು ಬಿಡ್ತು. ಬಸ್‌ಸ್ಟ್ಯಾಂಡಿನ ಮಿರ್ಚಿ ಬೊಮ್ಮಮ್ಮ ಮೊದ್ಲ ಬಂದ್ಲು. ಕಡಾಯಿ ಕಾಯಾಕಿಟ್ಟು ಬೂಚು ತೆಗಿಯಾಕ ಹೋಗ್ಯಾಳ, ಬರಲಿಲ್ಲ. ಹಲ್ಲಿಲೆ ಎಳದ್ಲಂತ, ಮೊಣಕಾಲಾಗ ಹಿಡದು ಎಳದ್ಲಂತ. ಗಾಣದ ಮುಂದ ನಿಂತು, “ಎಣ್ಣಿ ಕೊಟ್ಟೀರೋ, ಬೀಗ ಹಾಕಿ ಕೊಟ್ಟೀರೋ? ಕೀಲಿಕೈ ಎಲ್ಲಿ ಐತಿ ಕೊಡ್ರಿ” ಅಂತ ಒದರಿದ್ಲು. ಸಂತಿ ಜನ ಎಲ್ಲಾ ಕೂಡಿತು. ನಿನ್ನ ಮಾವ ಒಳಗ ಹೋಗಿ ಕುಂತ್ರು.

ನಿನ್ನ ಗಂಡ ಬಾಟ್ಲಿ ಇಸ್ಕೊಂಡು ಹಿತ್ತಲಿಗೆ ಹೋಗಿ ಕೊಳ್ಳು ಒಡದು, ಎಣ್ಣಿ ಅರಿವ್ಯಾಗ ಸೋಸಿ, ಬ್ಯಾರೆ ಬಾಟ್ಲ್ಯಾಗ ಹಾಕಿ ಕೊಟ್ಟ. ಹಿಂಗ ದಿನಾ ಒಬ್ಬರು ಇಬ್ಬರು ಬರಾಕ್ಹತ್ಯಾರ. ಹನ್ನೊಂದು ಒಡದಾನ. ಒಡದ ಗಾಜು ಹಿಂಡಿ ಚೀಲದ ಹಿಂದ ಮುಚ್ಚಿಟ್ಟಾನ, ನಾ ನೋಡಿಲ್ಲ ಅಂತ ತಿಳಕೊಂಡಾನ.

ನಮ್ಮ ಗಾಣದ ಬೆಲ್ಟಿಗೆ ಎಣ್ಣಿ ಬಿದ್ದಾಗೊಮ್ಮೆ ಅದು ಉಬ್ಬಿ ಜಾರತೈತಿ. ರಬ್ಬರಿಗೆ ಎಣ್ಣಿ ಆಗಂಗಿಲ್ಲ ಅನ್ನೋದು ಗಾಣದ ಮನ್ಯಾಗ ಹುಟ್ಟಿದ ನನ್ನ ಮಗಗ ಗೊತ್ತಿಲ್ಲೇನು? ನೀ ಕಳಿಸಿದ ಡಬ್ಬಿ ತಗದ ದಿನಾನ ಅಂವ ರಬ್ಬರ್ ಮೂಸಿ ನೋಡಿ ಸುಮ್ಮನ ಕುಂತಿದ್ದ. ನಾ ನೋಡೀನಿ.

ನೀ ಅದೇ ಬೂಚು ತಗೊಂಡು ದಾವಣಗೆರಿಗೆ ಹೋಗಿ, ದೊಡ್ಡ ಮಂದಿ ಮುಂದ ನಗಿಗೀಡು ಆಗಬಾರದು ಅಂತ ಬರದೀನಿ. ಬೆಂಡು ಯಾಕ ನಡೀತೈತಿ ಅಂದ್ರ, ಅದು ಎಣ್ಣಿ ಕುಡದು ಮೆತ್ತಗಾಗತೈತಿ, ಬಿಗಿಯಂಗಿಲ್ಲ. ಕೆಟ್ರ ಒಲಿಗೆ ಹಾಕ್ತೀವಿ. ಬೇಕಾದಂಗ ನಾವ ಕೊಯ್ಕೋತೀವಿ. ಇದನ್ನ ನೋಡಿ ನಿನಗೇನರ ತಿಳಿದ್ರ ತಿಳೀಲಿ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿಮ್ಮತ್ತಿ


ಹಡಗಲಿ
೨೧ ಜುಲೈ

ಶ್ರೀ ಅರುಣಕುಮಾರ್ ಅವರಿಗೆ,

ನಿಮಗೆ ಮೊದಲ ದಿನವೇ ಗೊತ್ತಿತ್ತು.

ನನಗೆ ಪರೀಕ್ಷೆಗೆ ಇನ್ನು ಆರು ದಿನವಿದೆ. ಡಬ್ಬಿ ಬಂದ ದಿನವೇ ‘ಇದು ನಡೆಯುವುದಿಲ್ಲ’ ಎಂದು ಎರಡು ಪದ ಬರೆದಿದ್ದರೆ ಹದಿನೈದು ದಿನ ಇರುತ್ತಿತ್ತು. ನಿಮ್ಮ ಸುಳ್ಳನ್ನು ನಾನು ಊರೆಲ್ಲ ಓದಿ ಹೇಳಿಕೊಂಡು ಬಂದೆ. ಸರ್ ದೂರು ಎಲ್ಲಿ ಎಂದು ಕೇಳಿದರೆ ಕೊಟ್ಟೂರಿನವರು ಒಳ್ಳೆಯವರು ಎಂದೆ.

ಇನ್ನೂ ತೆಗೆಯಲಾಗದ ಬಾಟಲಿಗಳಿದ್ದರೆ ಕಳಿಸಿ. ದಯವಿಟ್ಟು ಒಡೆಯಬೇಡಿ. ರಬ್ಬರ್ ಎಷ್ಟು ಉಬ್ಬಿದೆಯೆಂದು ನಾನು ನೋಡಬೇಕು.

ಪುಷ್ಪಲತಾ


ಕೊಟ್ಟೂರು
೨೨–೭–೨೦೦೦

ಪುಷ್ಪಾ,

ಅವ್ವ ಬರೆದಿದ್ದಾಳೆಂದು ತಿಳಿಯಿತು. ಅವಳು ಬರೆದದ್ದೆಲ್ಲ ನಿಜ.

ಡಬ್ಬಿ ತೆಗೆದಾಗ ರಬ್ಬರ್ ಎಂದು ಗೊತ್ತಾಯಿತು. ಬರೆಯಲು ಕೂತೆ. ನಮ್ಮ ಮನೆಯಲ್ಲಿ ದರ ಅಪ್ಪ ಹೇಳುತ್ತಾರೆ, ಅಳತೆ ನಾನು ಹಾಕುತ್ತೇನೆ. ನಿನಗೇನು ಅನ್ನಿಸುತ್ತದೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ನೀನು ಮೂರು ಪ್ರಶ್ನೆ ಕೇಳಿದ್ದೆ. ಮೊದಲ ಸಲ ಕೇಳಿದವಳಿಗೆ ಕೆಟ್ಟಿದೆ ಎಂದು ಉತ್ತರ ಕೊಡಲು ಕೈ ಬರಲಿಲ್ಲ. ಕಟ್ಟಿಗೆ ಎಷ್ಟು ನಯವಾಗಿತ್ತು. ಒಂದೊಂದು ಬಿರಡೆಯ ತಲೆಗೂ ನೀನು ಉಪ್ಪುಕಾಗದ ಉಜ್ಜಿದ್ದೆ. ಒಂದು ವೇಳೆ ಉಬ್ಬದೆ ಇದ್ದರೂ ಇರಬಹುದು ಎಂದುಕೊಂಡೆ. ಉಬ್ಬಿದ ಮೇಲೆ ನಾಳೆ ಬರೆಯೋಣ ಎಂದುಕೊಂಡೆ. ನಿನ್ನ ಸಂತೋಷದ ಪತ್ರ ಬಂದ ಮೇಲೆ ಬರೆಯುವುದು ಇನ್ನೂ ಕಷ್ಟವಾಯಿತು.

ಇಲ್ಲಿಯವರೆಗೆ ಹದಿಮೂರು ಒಡೆದಿದ್ದೇನೆ, ತೆಗೆಯಲಾಗದವು ಏಳು ಉಳಿದಿವೆ. ಪಕ್ಕೀರಪ್ಪನ ಕೈಯಲ್ಲಿ ಗಾಜು ಕೊಡಲು ಧೈರ್ಯವಿಲ್ಲ. ನಾನೇ ತರುತ್ತೇನೆ. ಮನೆಗೆ ಬರುವುದಿಲ್ಲ. ಚೌಡಣ್ಣನ ಅಂಗಡಿಯಲ್ಲಿ ಇಟ್ಟು ಹೋಗುತ್ತೇನೆ, ಈ ಪತ್ರವನ್ನೂ.

ಅರುಣ್


ಹಡಗಲಿ
೨೫ ಜುಲೈ

ಅತ್ತೆಯವರಿಗೆ ಕಾಲು ಮುಟ್ಟಿ ನಮಸ್ಕರಿಸಿ,

ನಿಮ್ಮ ಪತ್ರ ಓದಿ ನಗಲಿಲ್ಲ. ನಮ್ಮ ಕಾಲೇಜಿನಲ್ಲಿ ಮೂರು ವರ್ಷದಲ್ಲಿ ಯಾರೂ ಅಷ್ಟು ಚೆನ್ನಾಗಿ ಒಂದು ವರದಿ ಬರೆದಿಲ್ಲ. ಬೆಂಡು ಬಿಗಿಯುವುದಿಲ್ಲ, ಕೆಟ್ಟರೆ ಒಲೆಗೆ ಹಾಕಬಹುದು, ಬೇಕಾದ ಹಾಗೆ ಕೊಯ್ದುಕೊಳ್ಳಬಹುದು. ನಾನು ಬೆಂಡನ್ನು ಬಡವರ ಮುಚ್ಚಳ ಎಂದು ಕಂಡಿದ್ದೆ. ಅದರಲ್ಲಿ ಇಷ್ಟು ಬುದ್ಧಿ ಇದೆಯೆಂದು ನೋಡಿರಲೇ ಇಲ್ಲ.

ನಿಮ್ಮ ಮಗ ಶನಿವಾರ ಮಧ್ಯಾಹ್ನ ಹುಲ್ಲಿನಲ್ಲಿ ಸುತ್ತಿದ ಏಳು ಬಾಟಲಿ ತಂದಿದ್ದರು. ಸುದ್ದಿ ತಿಳಿದು ನಾನು ಓಡುವಷ್ಟರಲ್ಲಿ ಬಸ್ಸು ಹೋಗಿತ್ತು. “ಈಗ ಹ್ವಾದ್ನವ್ವ. ಒಳಗ ಕುಂದ್ರು ಅಂದ್ರ ಹೊಸ್ತಿಲ ತುಳಿಯಂಗಿಲ್ಲ ಅಂದ. ಲೇ ಮಾರಾಯ, ಇದು ಅತ್ತಿ ಮನಿ ಅಲ್ಲ, ಬಡಿಗಿ ಅಂಗಡಿ ಅಂದೆ. ಆದ್ರೂ ಬಿಸಲಾಗ ನಿಂತಿದ್ದ” ಎಂದರು ಚೌಡಣ್ಣ. ನನಗೆ ಅವರ ಮೇಲೆ ಸಿಟ್ಟಿದೆ, ಅತ್ತೆ. ಆದರೂ ಬಸ್ಸು ಹೋದ ಕಡೆ ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಇದನ್ನು ಅವರಿಗೆ ಹೇಳಬೇಡಿ.

ಒಂದು ಬಾಟಲಿ ಒಡೆದು ಉಂಗುರ ಅಳೆದೆ. ನಾಲ್ಕು ಮಿಲಿಮೀಟರ್ ದಪ್ಪಗಾಗಿತ್ತು! ಒತ್ತಿದರೆ ಮಾಗಿದ ಹಣ್ಣಿನಂತೆ. ಎಷ್ಟು ಚಂದದ ತಪ್ಪು ಎನ್ನಿಸಿಬಿಟ್ಟಿತು, ಒಂದು ಕ್ಷಣ ಪರೀಕ್ಷೆ ಮರೆತೇಹೋಯಿತು. ಆಮೇಲೆ ನೆನಪಾಗಿ ಉಳಿದ ದಿನ ಎಣಿಸಿದೆ.

ಆಗ ಚೌಡಣ್ಣ ಯಾರದೋ ಗುದ್ದಲಿ ರಿಪೇರಿ ಮಾಡುತ್ತಿದ್ದರು. ಅದರ ಕಟ್ಟಿಗೆಯ ಕಾವು ಸಡಿಲವಾಗಿತ್ತು. ಅದಕ್ಕೆ ಹಳೆಯ ಅರಿವೆಯ ಚೂರು ಸುತ್ತಿ ಬಡಿದು ಕೂರಿಸಿದರು. ಸಾಲದಿದ್ದರೆ ಇನ್ನೊಂದು ಸುತ್ತು. ನಾನು ಕೂಗಿಕೊಂಡೆ. ಅವರು ಕೈಗೆ ಪೆಟ್ಟಾಯಿತೇನೋ ಎಂದು ಹೆದರಿದರು.

ಈಗ ಬಿರಡೆ ಹೀಗಿದೆ. ಅದೇ ಗಜ್ಜರಿಯಂಥ ಕಟ್ಟಿಗೆ, ರಬ್ಬರ್ ಇಲ್ಲ. ಸುತ್ತಲೂ ಸಣ್ಣ ಗೆರೆ ಕೊರೆದು, ಕೌದಿ ಹೊಲಿಯುವ ಹತ್ತಿಯ ದಾರ ಸುತ್ತಿದ್ದೇವೆ. ದೊಡ್ಡ ಬಾಯಿಗೆ ನಾಲ್ಕು ಸುತ್ತು ಹೆಚ್ಚು, ಸಣ್ಣ ಬಾಯಿಗೆ ಬಿಚ್ಚಿ ಕಡಿಮೆ. ಬಲಕ್ಕೆ ತಿರುವಿದರೆ ದಾರ ಬಿಗಿಯುತ್ತದೆ, ಎಡಕ್ಕೆ ತಿರುವಿದರೆ ಸಡಿಲವಾಗಿ ಕೈಗೆ ಬರುತ್ತದೆ. ಬೆಂಡಿನ ಹಾಗೆ, ಬೇಕಾದಂತೆ ಮಾಡಿಕೊಳ್ಳುವವರು ಬಳಸುವವರೇ. ಅವ್ವ ತಾನಾಗಿಯೇ ಅರ್ಧ ಸೇರು ಕುಸುಬೆ ಎಣ್ಣೆ ಕೊಟ್ಟಳು. ನಿನ್ನೆ ನಿಮಗೂ ಹತ್ತು ಕಳಿಸಿದ್ದೇನೆ. ಒಂದನ್ನು ಬೊಮ್ಮಮ್ಮನವರಿಗೆ ಕೊಡಿ, ಅವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿ.

ಎಣ್ಣೆಯಲ್ಲಿ ನೋಡಲು ಸಿಗುವುದು ಮೂರೇ ದಿನ. ಹಳೆಯ ವರದಿಯನ್ನು ಮುಚ್ಚಿಟ್ಟು ಹೊಸದನ್ನಷ್ಟೇ ತೋರಿಸಬಹುದು, ಆದರೆ ನನಗೆ ಅದು ಸರಿ ಕಾಣುತ್ತಿಲ್ಲ. ಎಲ್ಲವನ್ನೂ ಮೇಜಿನ ಮೇಲಿಡುತ್ತೇನೆ. ನಿಮ್ಮ ಪತ್ರವನ್ನು ಅಲ್ಲಿ ಓದಲೇ? ಬೇಡವೆಂದರೆ ನಾಳೆ ಪಕ್ಕೀರಪ್ಪನ ಹತ್ತಿರ ಹೇಳಿ ಕಳಿಸಿ. ಏನೂ ಹೇಳದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ.

ನಿಮ್ಮ ಸೊಸೆ,
ಪುಷ್ಪಾ


ದಾವಣಗೆರೆ ಬಸ್ ನಿಲ್ದಾಣ
೨೭ ಜುಲೈ, ಸಂಜೆ

ಅರುಣ್,

ಅಪ್ಪ ಟೀ ತರಲು ಹೋಗಿದ್ದಾನೆ. ಬಸ್ಸಿಗೆ ಇನ್ನೂ ಸಮಯವಿದೆ. ಮನೆಗೆ ಹೋದ ಮೇಲೆ ಬರೆಯೋಣ ಎಂದುಕೊಂಡೆ, ತಡೆಯಲಾಗಲಿಲ್ಲ.

ಪರೀಕ್ಷಕರು ವಯಸ್ಸಾದವರು, ಕಡಿಮೆ ಮಾತಿನವರು. ನಾನು ಮೊದಲು ನಿಮ್ಮ ಸಿಕ್ಕಿಕೊಂಡ ಬಾಟಲಿಯೊಂದನ್ನು ಅವರ ಕೈಗೆ ಕೊಟ್ಟು, ತೆಗೆಯಿರಿ ಸರ್ ಎಂದೆ. ಎಳೆದರು. ಕನ್ನಡಕ ತೆಗೆದಿಟ್ಟು ಎಳೆದರು. ಗಂಗಾಧರ ಸರ್ ಎಳೆದರು. ನನ್ನ ಗೆಳತಿಯರೆಲ್ಲ ಸಾಲಾಗಿ ಎಳೆದರು. ಬರಲಿಲ್ಲ. ಆಮೇಲೆ ಪರೀಕ್ಷಕರು ಕಡತ ಬಿಡಿಸಿ ನಿಮ್ಮ ಹದಿನಾರನೇ ತಾರೀಖಿನ ವರದಿ ಓದಿದರು. “ಎಲ್ಲರಿಗೂ ಬಹಳ ಇಷ್ಟವಾಗಿದೆ. ಯಾರಮ್ಮ ಇದನ್ನು ಬರೆದವರು?”

“ನಮ್ಮ ಯಜಮಾನರು, ಸರ್.”

“ಮದುವೆಯಾಗಿ ಎಷ್ಟು ದಿನವಾಯಿತು?”

“ಅರವತ್ತಾರು ದಿನ, ಸರ್.”

ಇಡೀ ಕೋಣೆ ನಕ್ಕಿತು. ಅವರು ನಗಲಿಲ್ಲ. “ಹಾಗಾದರೆ ಈ ವರದಿಗೆ ಅಂಕ ಇಲ್ಲ” ಎಂದು ಕೆಂಪು ಪೆನ್ನಿನಿಂದ ಗೆರೆ ಹೊಡೆದರು. ನಿಮ್ಮ ಅಕ್ಷರದ ಮೇಲೆ, ಅಡ್ಡಕ್ಕೆ. ಆ ಹೊತ್ತಿನಲ್ಲಿ ನಿಮ್ಮನ್ನು ಚೆನ್ನಾಗಿ ಬೈಯಬೇಕೆನ್ನಿಸಿತು, ಆ ಗೆರೆಯನ್ನು ಉಜ್ಜಿ ಅಳಿಸಬೇಕೆಂದೂ ಅನ್ನಿಸಿತು.

ಆಮೇಲೆ ಅತ್ತೆಯ ಪತ್ರ ಓದಿದೆ. ಕೀಲಿಕೈ ಎಲ್ಲಿ ಎಂದು ಬೊಮ್ಮಮ್ಮ ಕೇಳಿದ್ದನ್ನು ಓದಿದಾಗ ಅವರು ಮೊದಲ ಸಲ ನಕ್ಕರು. ಬೆಂಡಿನ ಸಾಲುಗಳಿಗೆ ಬಂದಾಗ ಇನ್ನೊಮ್ಮೆ ಓದಿ ಎಂದರು. ಹೊಸ ಬಿರಡೆಯನ್ನು ಎಷ್ಟು ದಿನ ಎಣ್ಣೆಯಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಹತ್ತು ದಿನ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ದಿನ, ಸರ್, ಆಮೇಲೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ ಎಂದೆ. ಅವರು ಬಿರಡೆಯನ್ನು ಬಲಕ್ಕೆ ತಿರುವಿದರು, ಎಡಕ್ಕೆ ತಿರುವಿದರು, ಮತ್ತೆ ಬಲಕ್ಕೆ. ಮೂವತ್ತು ವರ್ಷದ ಹಿಂದೆ ನೋಡಿದ ಆಟಿಕೆ ಸಿಕ್ಕಿದವರಂತೆ.

ಇನ್ನೂರರಲ್ಲಿ ಪಾಸಾಗಲು ನೂರು ಬೇಕಿತ್ತು. ನನಗೆ ನೂರ ಹದಿನಾಲ್ಕು. ಪಾಸಾದೆ, ಅರುಣ್! ತಂಡದಲ್ಲಿ ಕೊನೆಯಿಂದ ಎರಡನೆಯವಳು, ಆದರೂ ಪಾಸ್! ಅಪ್ಪ ಹೊರಗೆ ಬಂದವರಿಗೆಲ್ಲ ಪೇಡೆ ಹಂಚಿದ.

ಸಿಟ್ಟು ಇಳಿದಿದೆಯೇ ಎಂದು ಕೇಳಿದರೆ, ಪೂರ್ತಿ ಇಲ್ಲ. ನಾನು ಏನು ಮಾಡಿದರೂ ನೀವು ಚೆನ್ನಾಗಿದೆ ಎಂದೇ ಹೇಳುತ್ತ ಹೋದರೆ, ಒಂದು ದಿನ ನಿಜವಾಗಿ ಚೆನ್ನಾಗಿದ್ದಾಗ ನಾನು ಯಾರನ್ನು ಕೇಳಲಿ? ನನಗೆ ಹೆದರಿಕೆಯಾದದ್ದು ಅದಕ್ಕೆ, ಅಂಕಕ್ಕಲ್ಲ. ನಿಮ್ಮ ಹತ್ತಿರ ಹತ್ತು ಹೊಸ ಬಿರಡೆಗಳಿವೆ. ಇನ್ನು ಪರೀಕ್ಷೆಯೂ ಇಲ್ಲ, ಅಂಕವೂ ಇಲ್ಲ. ಆಷಾಢ ಮುಗಿಯುವ ಮೊದಲು ಒಂದು ವರದಿ ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ.

ಬಸ್ಸು ಬಂತು.

ಪುಷ್ಪಾ


ಕೊಟ್ಟೂರು
೩೦–೭–೨೦೦೦

ಪುಷ್ಪಾ,

ನೀನು ಪಾಸಾದದ್ದನ್ನು ಅವ್ವನಿಗೆ ಓದಿ ಹೇಳಿದೆ. ತನ್ನ ಬೆಂಡಿನ ಸಾಲುಗಳನ್ನು ಎರಡು ಸಲ ಓದಿಸಿದರು ಎಂಬುದನ್ನು ಅವಳು ನನ್ನಿಂದ ಮೂರು ಸಲ ಓದಿಸಿದಳು. ಅಪ್ಪ ಗಿರಾಕಿಗಳಿಗೆ, “ನಮ್ಮ ಮನಿ ಕಾಗದ ದಾವಣಗೆರಿ ಪರೀಕ್ಷಿಯೊಳಗ ಪಾಸಾಗೇತಿ” ಎಂದು ಹೇಳುತ್ತಿದ್ದಾರೆ.

ಕೆಳಗಿನದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು.

ಹೊಸ ಬಿರಡೆಗಳೆಲ್ಲ ಸುಲಭವಾಗಿ ಬರುತ್ತವೆ. ಬೊಮ್ಮಮ್ಮ ಒಂದೇ ಕೈಯಲ್ಲಿ ತಿರುವಿ ತೆಗೆಯುತ್ತಾಳೆ. ಆದರೆ ಇವತ್ತು ಆರನೇ ದಿನ, ನಮ್ಮಲ್ಲೇ ಇಟ್ಟವುಗಳಲ್ಲಿ ಮೂರು ಬಾಟಲಿ ಸೋರಿವೆ. ಸ್ವಲ್ಪ ಅಲ್ಲ, ಕೆಳಗಿಟ್ಟ ಕಾಗದ ಒದ್ದೆಯಾಗುವಷ್ಟು. ದಾರ ಕಪ್ಪಾಗಿದೆ, ಕಮಟು ವಾಸನೆ ಬರುತ್ತಿದೆ. ಬೊಮ್ಮಮ್ಮ, “ಬೀಗಕ್ಕಿಂತ ವಾಸಿ, ಆದ್ರ ಬೆಂಡಿಗಿಂತ ವಾಸಿ ಅಂತ ಹೇಳಾಕ ಬರಂಗಿಲ್ಲ” ಎಂದಳು. ನನ್ನ ಅಭಿಪ್ರಾಯ ಕೇಳಿದ್ದೀಯ. ಇದು ಇನ್ನೂ ಸರಿಯಾಗಿಲ್ಲ. ಕಟ್ಟಿಗೆ ಒಳ್ಳೆಯದು, ತಿರುವುವ ರೀತಿ ಒಳ್ಳೆಯದು, ದಾರ ಸರಿಯಿಲ್ಲ.

ಬರೆದೆ. ಇನ್ನು ಹರಿಯುವ ಮೊದಲು ಪಕ್ಕೀರಪ್ಪನ ಕೈಗೆ ಕೊಟ್ಟುಬಿಡುತ್ತೇನೆ.

ನಾಡಿದ್ದು ಶ್ರಾವಣ. ಬೆಳಗಿನ ಬಸ್ಸಿಗೆ ನಿನ್ನನ್ನು ಕರೆಯಲು ಬರುತ್ತೇನೆ. ನೀನು ಬರುವ ಮನಸ್ಸಿದ್ದರೆ.

ಅರುಣ್


ಹಡಗಲಿ
೩೧ ಜುಲೈ

ಅರುಣ್, ನನ್ನ ಅರುಣ್,

ಯಾವ ಮೂರು? ಕಿರುಬೆರಳಿನವೇ, ಹೆಬ್ಬೆರಳಿನವೇ? ಕಂಠದ ತನಕ ತುಂಬಿದವು ಮಾತ್ರ ಸೋರಿದವೇ, ಅರ್ಧ ಇದ್ದವೂ ಸೋರಿದವೇ? ದಾರದ ತುದಿ ಹೊರಗೆ ಇಳಿಬಿದ್ದಿದೆಯೇ, ನೋಡಿ. ಎಣ್ಣೆ ಅದರ ಗುಂಟ ಹತ್ತಿ ಬರುತ್ತಿದೆಯೋ ಏನೋ! ನಿನ್ನೆಯಿಂದ ನಾನು ಊಟ ಮಾಡುತ್ತ ದಾರ, ಸ್ನಾನ ಮಾಡುತ್ತ ದಾರ. ಅವ್ವ ಬಟ್ಟೆ ತುಂಬುತ್ತಿದ್ದಾಳೆ, ನಾನು ಚೀಲಕ್ಕೆ ಮೂರು ಥರದ ದಾರ, ಒಂದಿಷ್ಟು ಮೇಣ, ಚೌಡಣ್ಣ ಕೊಟ್ಟ ಹದಿನೈದು ಕಟ್ಟಿಗೆ ತುಂಬಿದ್ದೇನೆ.

ಈ ಚೀಟಿಯನ್ನು ಮಧ್ಯಾಹ್ನದ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ, ನೀವು ನಾಳೆ ಹೊರಡುವ ಮೊದಲು ತಲುಪಬೇಕು. ಆ ಮೂರು ಬಾಟಲಿಗಳನ್ನು ಯಾರೂ ಮುಟ್ಟಬಾರದು, ಕೆಳಗಿನ ಕಾಗದವನ್ನೂ ತೆಗೆಯಬಾರದು. ಅತ್ತೆಗೆ ಹೇಳಿ ಬನ್ನಿ. ಒರೆಸಬೇಡಿ, ರೀ. ಎಲ್ಲಿ ಎಷ್ಟು ಸೋರಿದೆಯೋ ಹಾಗೇ ಇರಲಿ. ನಾಳೆ ಬಂದು ಇಬ್ಬರೂ ನೋಡೋಣ.

ಪುಷ್ಪಾ